ಒಲೆ ಒಂದೇ ಇರಲಿ, ಜರಡಿ ಬೇರೆಯಾಗಲಿ

ಪ್ರಶ್ನೆ: ನನಗೆ 29 ವರ್ಷ. ಬಹುಕಾಲ ರಕ್ತಹೀನತೆ, ಹೊಟ್ಟೆಯುಬ್ಬರ ಕಾಡಿತ್ತು. ಒಂದು ವರ್ಷದ ಹಿಂದೆ ಬಯಾಪ್ಸಿ ಮಾಡಿ ಸೀಲಿಯಾಕ್ ಕಾಯಿಲೆ ಎಂದರು. ಗೋಧಿ ಬಿಟ್ಟ ಮೇಲೆ ಆರಾಮಾಗಿದ್ದೇನೆ. ಅಡುಗೆ ಅತ್ತೆಯದು. ನನಗೆಂದೇ ಬೇರೆ ಮಾಡಿಕೊಡುತ್ತಾರೆ, ಆದರೆ ಅದೇ ಸೌಟು, ಅದೇ ಎಣ್ಣೆ. ‘ಒಂದು ಚೂರು ತಿಂದರೆ ಏನೂ ಆಗಲ್ಲ’ ಎಂದು ಒತ್ತಾಯಿಸಿದಾಗ ನಾಲ್ಕಾರು ಸಲ ತಿಂದೆ, ನಿಜಕ್ಕೂ ಏನೂ ಆಗಲಿಲ್ಲ. ಈಗ ಟಿಟಿಜಿ ಪರೀಕ್ಷೆಯ (ಈ ಕಾಯಿಲೆಯಲ್ಲಿ ಏರುವ ಪ್ರತಿಕಾಯವನ್ನು ಅಳೆಯುವ ರಕ್ತಪರೀಕ್ಷೆ) ಅಂಕಿ ಇಳಿದೇ ಇಲ್ಲ. ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ ಎಂದರೆ ‘ಒಲೆ ಬೇರೆ ಮಾಡಿದ ಹಾಗಾಗುತ್ತೆ’ ಎಂದು ಗಂಡ ಬೇಸರಪಡುತ್ತಾರೆ. ನಾನು ಅತಿ ಮಾಡುತ್ತಿದ್ದೇನಾ?

ಉತ್ತರ: ಇಲ್ಲ. ಆದರೆ ‘ಏನೂ ಆಗಲಿಲ್ಲ’ ಎನ್ನುವುದನ್ನು ಅತ್ತೆಯ ಜೊತೆ ನೀವೂ ನಂಬಿದ್ದೀರಿ, ಎಡವಟ್ಟಾಗಿರುವುದು ಅಲ್ಲಿ. ಗೋಧಿ, ಜವೆಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಳಗೆ ಹೋದರೆ ನಿಮ್ಮ ದೇಹದ ರಕ್ಷಣಾ ವ್ಯವಸ್ಥೆ ಸಣ್ಣಕರುಳಿನ ಒಳಪದರದ ಮೇಲೇ ತಿರುಗಿಬೀಳುತ್ತದೆ. ಆಹಾರದ ಸಾರ ಹೀರುವ ಬೆರಳಿನಂಥ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಇದು ಸದ್ದಿಲ್ಲದೆಯೂ ನಡೆಯಬಲ್ಲದು. ಹೊಟ್ಟೆ ಸುಮ್ಮನಿದ್ದ ಮಾತ್ರಕ್ಕೆ ಕರುಳು ಕ್ಷೇಮವಾಗಿದೆ ಎಂದಲ್ಲ.

ಅತ್ತೆಗೆ ಲೆಕ್ಕದಲ್ಲೇ ಹೇಳಿ. ಈ ಕಾಯಿಲೆ ಇರುವ ಹೆಚ್ಚಿನವರು ದಿನಕ್ಕೆ 10 ಮಿಲಿಗ್ರಾಂವರೆಗಿನ ಗ್ಲುಟೆನ್ ತಾಳಿಕೊಳ್ಳುತ್ತಾರೆ. ದಿನವೂ 50 ಮಿಲಿಗ್ರಾಂ ಹೋದರೆ ಮೂರೇ ತಿಂಗಳಲ್ಲಿ ಕರುಳಿಗೆ ಪೆಟ್ಟು ಬೀಳಬಹುದು. ಒಂದು ಹೋಳು ಬ್ರೆಡ್ಡಿನಲ್ಲಿರುವುದು ಸುಮಾರು 2 ಗ್ರಾಂ, ಅಂದರೆ 2000 ಮಿಲಿಗ್ರಾಂ. ಅದನ್ನು ನಲವತ್ತು ಚೂರು ಮಾಡಿದರೆ ಒಂದು ಚೂರೇ 50. ಅವರು ಹೇಳುವ ‘ಒಂದು ಚೂರು’ ಇದಕ್ಕಿಂತ ದೊಡ್ಡದೇ ಇರುತ್ತದೆ. ಪಥ್ಯ ಸರಿಯಾಗಿದ್ದರೂ ಟಿಟಿಜಿ ಇಳಿಯಲು ಆರು ತಿಂಗಳಿಂದ ಒಂದು ವರ್ಷ, ಮೊದಲೇ ತುಂಬ ಏರಿದ್ದರೆ ಇನ್ನೂ ಹೆಚ್ಚು ಹಿಡಿಯುತ್ತದೆ. ಆದರೆ ವರ್ಷವಾದರೂ ಕದಲಿಲ್ಲ ಎಂದರೆ ಎಲ್ಲೋ ಸೋರಿಕೆ ಇದೆ ಎಂದೇ ಹಿಡಿಯಬೇಕು.

ಹಾಗೆಂದು ಒಲೆ ಬೇರೆ ಮಾಡಬೇಕಿಲ್ಲ. ಕಾಯಿಸಿದರೆ, ಕರಿದರೆ ಗ್ಲುಟೆನ್ ಸಾಯುವುದಿಲ್ಲ, ಅದು ಕ್ರಿಮಿಯಲ್ಲ. ಸೋಪು ನೀರಿಗೆ ಮಾತ್ರ ಹೋಗುತ್ತದೆ. ಆದ್ದರಿಂದ ಸ್ಟೀಲು, ಗಾಜಿನ ಪಾತ್ರೆ ಚೆನ್ನಾಗಿ ತೊಳೆದರೆ ಎಲ್ಲರಿಗೂ ಒಂದೇ ಸಾಕು. ತೊಳೆದರೂ ಬಿಡದ್ದು ಮರದ ಸೌಟು, ಲಟ್ಟಣಿಗೆ, ಮಣೆ, ಗೀರು ಬಿದ್ದ ನಾನ್‌ಸ್ಟಿಕ್ ಬಾಣಲೆ, ಟೋಸ್ಟರ್, ಎಲ್ಲಕ್ಕಿಂತ ಮುಖ್ಯವಾಗಿ ಜರಡಿ. ಜರಡಿಯ ಕಣ್ಣುಗಳಲ್ಲಿ ಕೂತ ಗೋಧಿಹಿಟ್ಟನ್ನು ಪೂರ್ತಿ ತೆಗೆಯುವುದು ಆಗದ ಕೆಲಸ. ಇಷ್ಟನ್ನು ನಿಮಗೆಂದು ಬೇರೆ ಕೊಂಡು, ಕಣ್ಣಿಗೆ ಬೀಳುವ ಒಂದೇ ಬಣ್ಣದ ಗುರುತು ಹಾಕಿ. ತಿಕ್ಕುವ ಸ್ಪಂಜೂ ಬೇರೆ ಇರಲಿ. ಗೋಧಿಯದೇನಾದರೂ ಕರಿದ ಎಣ್ಣೆ ಸೋಸಿದರೂ ನಿಮಗೆ ಬೇಡ. ದಿನವೂ ನಿಮ್ಮದು ಮೊದಲು ಬೇಯಲಿ, ಗೋಧಿಯದು ಆಮೇಲೆ. ಹಿಟ್ಟಿನ ಧೂಳು ಕೆಳಕ್ಕಿಳಿಯುತ್ತದೆ, ಹಾಗಾಗಿ ನಿಮ್ಮ ಡಬ್ಬಿಗಳು ಮೇಲಿನ ಹಲಗೆಯಲ್ಲಿರಬೇಕು. ಹಿಟ್ಟಿನ ಕೈ ಉಪ್ಪಿನ ಡಬ್ಬಿಗೆ, ಬ್ರೆಡ್ಡಿಗೆ ಸವರಿದ ಚಮಚ ಬೆಣ್ಣೆಗೆ ಹೋಗುವುದನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅಕ್ಕಿ, ರಾಗಿ ನಿರಪಾಯ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿಸಿದರೆ ಹೋಯಿತು. ಕಾಳು ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಪುಡಿಮಾಡಿ, ಇಲ್ಲವೇ ಗ್ಲುಟೆನ್‌ಮುಕ್ತ ಎಂದು ಮುದ್ರಿಸಿದ್ದನ್ನು ತನ್ನಿ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಅದರಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ‘ಗೋಧಿರಹಿತ’ ಎಂದಿದ್ದರೆ ಸಾಲದು; ಜವೆಗೋಧಿಯ ಮಾಲ್ಟ್ ಇರಬಹುದು. ಸೋಯಾ ಸಾಸ್, ಸೂಪ್ ಪುಡಿಗಳ ಪಟ್ಟಿಯನ್ನು ಪ್ರತಿ ಸಲವೂ ಓದಿ. ಓಟ್ಸ್ ಸದ್ಯಕ್ಕೆ ಬೇಡ. ಟಿಟಿಜಿ ಇಳಿದ ಮೇಲೆ, ವೈದ್ಯರನ್ನು ಕೇಳಿ, ಗೋಧಿ ಸೋಂಕದ ಶುದ್ಧ ಓಟ್ಸ್ ಅಷ್ಟೇ. ನುಂಗುವ ಮಾತ್ರೆಗಳಲ್ಲಿ ಗೋಧಿಯ ಪಿಷ್ಟ ಇದೆಯೇ ಎಂದು ಔಷಧ ಅಂಗಡಿಯಲ್ಲಿ ವಿಚಾರಿಸಿ.

ಇನ್ನು ಅತ್ತೆ. ಪ್ರತ್ಯೇಕ ಮಾಡಿಕೊಡುವವರಿಗೆ ಪ್ರೀತಿ ಕಡಿಮೆಯಿಲ್ಲ, ವಿಷಯ ಗೊತ್ತಿಲ್ಲ ಅಷ್ಟೆ. ಮುಂದಿನ ಸಲ ಪಥ್ಯತಜ್ಞರ ಬಳಿ ಅವರನ್ನೂ ಕರೆದುಕೊಂಡು ಹೋಗಿ. ಸೊಸೆಯ ಬಾಯಲ್ಲಿ ನಖರಾ ಎನಿಸುವುದು ಅಲ್ಲಿ ಚಿಕಿತ್ಸೆ ಎನಿಸುತ್ತದೆ. ಹೊಸ ಜರಡಿ ಅವರ ಕೈಗೇ ಕೊಟ್ಟು, ‘ಅತ್ತೆ, ಇದನ್ನು ನೀವೇ ಕಾಯಬೇಕು’ ಎನ್ನಿ. ಒತ್ತಾಯಿಸಬೇಡಿ ಎಂಬ ಮಾತನ್ನು ಮಾತ್ರ ನಿಮ್ಮ ಗಂಡನೇ ಅವರಿಗೆ ಹೇಳಬೇಕು. ಬೇಸರಪಟ್ಟು ಕೂತರೆ ಆ ಕೆಲಸ ಆಗದು.

ಆರು ತಿಂಗಳು ಇಷ್ಟನ್ನು ಪಾಲಿಸಿ ಮತ್ತೆ ಟಿಟಿಜಿ ಮಾಡಿಸಿ. ಆಗಲೂ ಇಳಿಯದಿದ್ದರೆ ಕರುಳು ತಜ್ಞರನ್ನು ಕಾಣಿ. ಕಬ್ಬಿಣದ ಅಂಶ, ಫೋಲೇಟ್, ವಿಟಮಿನ್ ಡಿ, ಮೂಳೆಯ ಸಾಂದ್ರತೆ ಕೂಡ ನೋಡಿಸಿ. ನಿಮ್ಮ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಿದ್ದರೆ ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಇಷ್ಟು ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಇದು ಇರಬಹುದು. ಆದರೆ ಪರೀಕ್ಷೆ ಮುಗಿಯುವ ತನಕ ಅವರು ಗೋಧಿ ಬಿಡಬಾರದು. ಬಿಟ್ಟರೆ ಕಾಯಿಲೆ ಇದ್ದರೂ ಫಲಿತಾಂಶ ಇಲ್ಲವೆಂದೇ ಬರಬಹುದು.