ನಿಮ್ಮ ಪ್ರಶ್ನೆ, ನಮ್ಮ ಉತ್ತರ: ‘ಊಪಿರಿ’ಯ ಮೂಲ ನಟ ಒಮರ್ ಸಿ

ಫ್ರೆಂಚ್ ನಟ ಒಮರ್ ಸಿ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಆಯ್ದ ಕೆಲವು ಇಲ್ಲಿವೆ.

ತೆಲುಗಿನ ‘ಊಪಿರಿ’ ಫ್ರೆಂಚ್ ಸಿನಿಮಾದ ರೀಮೇಕ್ ಅಂತಾರೆ. ಅಲ್ಲಿ ಕಾರ್ತಿ ಪಾತ್ರ ಮಾಡಿದವರು ಯಾರು? ಎರಡಕ್ಕೂ ಏನು ಫರಕು?
– ಓದುಗರೊಬ್ಬರು, ಬಳ್ಳಾರಿ

ಒಮರ್ ಸಿ. ಮೂಲ ಚಿತ್ರದ ಹೆಸರು ‘ಆಂತೂಶಾಬ್ಲ್’. ಎರಿಕ್ ಟೊಲೆಡಾನೊ ಮತ್ತು ಒಲಿವಿಯೆ ನಕಾಶ್ ಜೋಡಿ ನಿರ್ದೇಶಿಸಿದ ಈ ಚಿತ್ರ 2011ರ ನವೆಂಬರ್ 2ರಂದು ಫ್ರಾನ್ಸಿನಲ್ಲಿ ಬಿಡುಗಡೆಯಾಯಿತು. ಕತ್ತಿನಿಂದ ಕೆಳಗೆ ಸ್ವಾಧೀನವಿಲ್ಲದ ಸಿರಿವಂತ ಫಿಲಿಪ್ ಆಗಿ ಫ್ರಾನ್ಸ್ವಾ ಕ್ಲೂಝೆ, ಅವನನ್ನು ನೋಡಿಕೊಳ್ಳುವ ಡ್ರಿಸ್ ಆಗಿ ಒಮರ್ ಸಿ ನಟಿಸಿದ್ದಾರೆ. ವಂಶಿ ಪೈಡಿಪಲ್ಲಿ 2016ರಲ್ಲಿ ಇದನ್ನೇ ನಾಗಾರ್ಜುನ, ಕಾರ್ತಿ ಜೊತೆ ತೆಲುಗು, ತಮಿಳಿನಲ್ಲಿ ತೆಗೆದರು.

ಫರಕು ಶುರುವಾಗುವುದೇ ಕೆಲಸಕ್ಕೆ ಬರುವ ದೃಶ್ಯದಲ್ಲಿ. ಕಾರ್ತಿಯ ಸೀನು ಪರೋಲ್ ಮೇಲೆ ಹೊರಬಂದವನು, ಅವನಿಗೆ ಒಳ್ಳೆಯ ಹೆಸರು ಬೇಕು. ಡ್ರಿಸ್‌ಗೆ ಕೆಲಸವೇ ಬೇಡ. ‘ಸಂದರ್ಶನಕ್ಕೆ ಬಂದಿದ್ದ, ನಾವು ತೆಗೆದುಕೊಳ್ಳಲಿಲ್ಲ’ ಎಂದು ಒಂದು ಸಹಿ ಹಾಕಿಕೊಟ್ಟರೆ ಅವನ ನಿರುದ್ಯೋಗ ಭತ್ಯೆ ನಡೆಯುತ್ತದೆ, ಅಷ್ಟು ಸಾಕು. ಉಳಿದವರು ಸಾಲಾಗಿ ಕೂತು ಹಿತವಾದ ಉತ್ತರ ಹುಡುಕುತ್ತಿದ್ದರೆ ಇವನು ಸಾಲು ದಾಟಿ ಒಳಗೆ ನುಗ್ಗುತ್ತಾನೆ. ಅವನಲ್ಲಿ ಕನಿಕರ ಇಲ್ಲ ಅನ್ನುವುದೇ ಫಿಲಿಪ್‌ಗೆ ಹಿಡಿಸುತ್ತದೆ.

ಬಿಸಿ ಚಹಾದ ದೃಶ್ಯವನ್ನು ಗಮನಿಸಿ ನೋಡಿ. ಕಾಲಿನ ಮೇಲೆ ಚಹಾ ಚೆಲ್ಲಿದರೂ ಫಿಲಿಪ್‌ಗೆ ಗೊತ್ತಾಗುವುದಿಲ್ಲ. ಡ್ರಿಸ್ ಬೆರಗಾಗಿ, ಬೇಕಂತಲೇ ಮತ್ತೆ ಸುರಿಯುತ್ತಾನೆ. ಬೇರೆ ನಟ ಮಾಡಿದ್ದರೆ ಇದು ಕ್ರೌರ್ಯವಾಗಿಬಿಡುತ್ತಿತ್ತು. ಒಮರ್ ಕಣ್ಣಲ್ಲಿ ಕಾಣುವುದು ಕುತೂಹಲ ಮಾತ್ರ, ಅದಕ್ಕೇ ನಗು ಬರುತ್ತದೆ. ‘ಊಪಿರಿ’ ಹಾಡು, ಮನೆತನದ ಭಾವುಕತೆ ಸೇರಿಸಿಕೊಂಡು ಎರಡೂವರೆ ಗಂಟೆಗೆ ಬೆಳೆದಿದೆ, ಮೂಲ ಎರಡು ಗಂಟೆಗೂ ಕಡಿಮೆ. ಕಾರ್ತಿ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಡ್ರಿಸ್ ಪಾತ್ರ ಬರೆದದ್ದೇ ಒಮರ್‌ಗಾಗಿ. ಚಿತ್ರಕ್ಕೆ ಆಧಾರ ನಿಜ ಘಟನೆ. ನಿಜ ಜೀವನದಲ್ಲಿ ಫಿಲಿಪ್ ಪೊಝೊ ದಿ ಬೋರ್ಗೊ ಅವರನ್ನು ನೋಡಿಕೊಂಡ ಅಬ್ದೆಲ್ ಸೆಲ್ಲು ಅಲ್ಜೀರಿಯಾ ಮೂಲದವರು, ಒಮರ್ ಬಂದದ್ದರಿಂದ ಪಾತ್ರ ಸೆನೆಗಲ್ ಮೂಲದ್ದಾಯಿತು.

ಅವರು ನಟನೆ ಕಲಿತದ್ದೆಲ್ಲಿ? ನಾನು ಕಾಲೇಜು ನಾಟಕಗಳಲ್ಲಿ ಹಾಸ್ಯ ಪಾತ್ರ ಮಾಡುತ್ತೇನೆ.
– ವಿದ್ಯಾರ್ಥಿ, ಗಂಗಾವತಿ

ರೇಡಿಯೊದಲ್ಲಿ, ಆಮೇಲೆ ಟಿವಿಯಲ್ಲಿ. ಒಮರ್ ಹುಟ್ಟಿದ್ದು 1978ರ ಜನವರಿ 20ರಂದು, ಪ್ಯಾರಿಸ್‌ನ ಪಶ್ಚಿಮಕ್ಕಿರುವ ಟ್ರಾಪ್ ಎಂಬ ಊರಲ್ಲಿ. ತಂದೆ ಸೆನೆಗಲ್‌ನವರು, ತಾಯಿ ಮೌರಿಟಾನಿಯಾದವರು, ಮನೆ ತುಂಬ ಮಕ್ಕಳು. 1990ರ ದಶಕದ ಕೊನೆಗೆ ರೇಡಿಯೊ ನೋವಾದಲ್ಲಿ ಫ್ರೆಡ್ ತೆಸ್ತೊ ಜೊತೆಯಾದರು. ಈ ಜೋಡಿ 2005ರಿಂದ 2012ರ ತನಕ ಕನಾಲ್ ಪ್ಲುಸ್ ಚಾನೆಲ್‌ನಲ್ಲಿ ಒಂದು ಕಿರು ಹಾಸ್ಯ ಕಾರ್ಯಕ್ರಮ ನಡೆಸಿತು. ಟಿವಿ ಕಾರ್ಯಕ್ರಮಗಳ ಬಗ್ಗೆ ದೂರು ಹೇಳಲು ಚಿತ್ರವಿಚಿತ್ರ ಜನ ಫೋನ್ ಮಾಡುತ್ತಾರೆ, ಇವರಿಬ್ಬರು ಎತ್ತುತ್ತಾರೆ. ಕರೆ ಮಾಡುವವರೂ ಇವರೇ, ಎತ್ತುವವರೂ ಇವರೇ. ನಮ್ಮ ದೊಡ್ಡಾಟದಲ್ಲಿ ಸಾರಥಿ ಕೆಣಕಿ ಕೇಳಿದಂತೆಲ್ಲ ಪಾತ್ರ ಬಿಚ್ಚಿಕೊಳ್ಳುತ್ತದಲ್ಲ, ಹಾಗೆಯೇ ಇಲ್ಲೂ ಒಬ್ಬ ಕೇಳುತ್ತಾ ಹೋದಂತೆ ಇನ್ನೊಬ್ಬನ ವೇಷ ಪೂರ್ತಿಯಾಗುತ್ತದೆ.

ನಿಮಗೆ ಬೇಕಾದ ಪಾಠ ಇಲ್ಲಿದೆ. ಎರಡು-ಮೂರು ನಿಮಿಷದಲ್ಲಿ ದನಿ, ಉಸಿರು, ಒಂದು ಟೊಪ್ಪಿಗೆ ಇಷ್ಟರಲ್ಲೇ ಮನುಷ್ಯನನ್ನು ನಿಲ್ಲಿಸಬೇಕು. ಗೆಳೆಯನೊಬ್ಬನನ್ನು ಕೂರಿಸಿಕೊಂಡು, ಮೊಬೈಲ್‌ನಲ್ಲಿ ದನಿ ಮಾತ್ರ ರೆಕಾರ್ಡ್ ಮಾಡಿ ಕೇಳಿ. ಮುಖ ಕಾಣದೆಯೂ ಪಾತ್ರ ಗುರುತು ಸಿಕ್ಕರೆ ಸರಿ. ಸಿಗದಿದ್ದರೆ ಬಹಳ ಸಲ ಕಾರಣ ಒಂದೇ: ಎದುರಿನವನ ಮಾತು ಮುಗಿಯುವ ಮುಂಚೆಯೇ ನೀವು ನಿಮ್ಮ ಪಂಚ್‌ಗೆ ಹೊರಟಿರುತ್ತೀರಿ. ಕೇಳಿಸಿಕೊಳ್ಳುವ ಆ ಅರೆಗಳಿಗೆಯೇ ಒಮರ್‌ನ ಬಂಡವಾಳ.

ಅವರಿಗೆ ಬಂದ ದೊಡ್ಡ ಪ್ರಶಸ್ತಿ ಯಾವುದು? ಸಿನಿಮಾ ಎಷ್ಟು ಕೋಟಿ ಮಾಡಿತು?
– ಓದುಗರೊಬ್ಬರು, ಸಿಂಧನೂರು

ಫ್ರಾನ್ಸಿನಲ್ಲಿ ಗೆಲುವನ್ನು ಹಣಕ್ಕಿಂತ ಮೊದಲು ಮಾರಾಟವಾದ ಟಿಕೆಟ್‌ಗಳಲ್ಲಿ ಅಳೆಯುತ್ತಾರೆ. ‘ಆಂತೂಶಾಬ್ಲ್’ಗೆ ಅಲ್ಲಿ ಹರಿದ ಟಿಕೆಟ್ ಸುಮಾರು 1.94 ಕೋಟಿ. ಆಗ ದೇಶದ ಜನಸಂಖ್ಯೆಯೇ ಆರೂವರೆ ಕೋಟಿಯ ಆಸುಪಾಸು! 2012ರ ಫೆಬ್ರವರಿ 24ರಂದು ಒಮರ್‌ಗೆ ಫ್ರಾನ್ಸಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಸೆಝಾರ್, ಶ್ರೇಷ್ಠ ನಟ ವಿಭಾಗದಲ್ಲಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವರ್ಣೀಯ ನಟ ಇವರು. ಅಂದು ಸೋತವರಲ್ಲಿ ‘ದಿ ಆರ್ಟಿಸ್ಟ್’ನ ಜಾನ್ ದುಜಾರ್ದಾನ್ ಇದ್ದರು. ಎರಡೇ ದಿನಕ್ಕೆ ಅವರಿಗೆ ಆಸ್ಕರ್ ಸಿಕ್ಕಿತು.

‘ಲುಪಿನ್’ ಸರಣಿ ನೋಡಲು ಕೂತರೆ ತುಟಿಗೂ ಮಾತಿಗೂ ಹೊಂದುವುದಿಲ್ಲ. ಏನು ಮಾಡಬೇಕು?
– ಗೃಹಿಣಿ, ಮಾನ್ವಿ

ನಿಮಗೆ ಬರುತ್ತಿರುವುದು ಡಬ್ಬಿಂಗ್ ಧ್ವನಿ. ನೆಟ್‌ಫ್ಲಿಕ್ಸ್‌ನಲ್ಲಿ ಎಪಿಸೋಡ್ ಓಡುತ್ತಿರುವಾಗ ಪರದೆ ಮುಟ್ಟಿ, ಆಡಿಯೊ ಮತ್ತು ಸಬ್‌ಟೈಟಲ್ ಗುರುತು ಒತ್ತಿ. ಆಡಿಯೊದಲ್ಲಿ ‘ಫ್ರೆಂಚ್ – ಒರಿಜಿನಲ್’ ಆರಿಸಿ. ಇಂಗ್ಲಿಷ್ ಸಬ್‌ಟೈಟಲ್ ಎರಡು ಬಗೆ ಕಾಣಿಸಿದರೆ ‘ಸಿಸಿ’ ಎಂದು ಇಲ್ಲದ್ದನ್ನು ತೆಗೆದುಕೊಳ್ಳಿ. ಸಿಸಿ ಸಾಲುಗಳು ಸಾಮಾನ್ಯವಾಗಿ ಡಬ್ಬಿಂಗ್ ಸಂಭಾಷಣೆಯ ಪ್ರಕಾರ ಇರುತ್ತವೆ, ಹಾಗಾಗಿ ಫ್ರೆಂಚ್ ಮಾತಿಗೆ ತಾಳ ತಪ್ಪುತ್ತದೆ. ಡೌನ್‌ಲೋಡ್ ಮಾಡಿ ನೋಡುವವರು ಮೊದಲ ನಿಮಿಷ ಓಡಿಸಿ ಭಾಷೆ ಸರಿ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಲುಪಿನ್ ಅಂದರೆ ಹಳೆಯ ಫ್ರೆಂಚ್ ಕಥೆಗಳ ಚಾಲಾಕಿ ಕಳ್ಳ. ಒಮರ್ ಮಾಡಿದ ಅಸಾನ್ ಜೋಪ್ ಪಾತ್ರ ಲುಪಿನ್ ಅಲ್ಲ, ಲುಪಿನ್ ಕಥೆ ಓದಿ ಬೆಳೆದವನು. ಮೊದಲ ಎಪಿಸೋಡ್‌ನಲ್ಲಿ ಲೂವ್ರ್ ಮ್ಯೂಸಿಯಂನ ಕಸ ಗುಡಿಸುವವನಾಗಿ ಬರುತ್ತಾನೆ, ಅದೇ ಮ್ಯೂಸಿಯಂಗೆ ಸೂಟ್ ತೊಟ್ಟು ಹರಾಜು ಕೂಗುವ ಶ್ರೀಮಂತನಾಗಿಯೂ ಬರುತ್ತಾನೆ. ಗುಡಿಸುವವನ ಮುಖ ಯಾರೂ ನೋಡುವುದಿಲ್ಲ ಎಂಬುದರ ಮೇಲೆಯೇ ಅವನ ಕಳ್ಳತನ ನಿಂತಿದೆ. ಆರಡಿ ದಾಟಿದ ಆಳು ಬೆನ್ನು ಸಡಿಲ ಬಿಟ್ಟು, ನೋಟ ನೆಲಕ್ಕಿಳಿಸಿ ಹೇಗೆ ಕರಗಿಹೋಗುತ್ತಾನೆ ನೋಡಿ. ಮೊದಲೆರಡು ಭಾಗಗಳು 2021ರಲ್ಲಿ, ತಲಾ ಐದು ಎಪಿಸೋಡ್. ಮೂರನೆಯದು 2023ರ ಅಕ್ಟೋಬರ್‌ನಲ್ಲಿ, ಏಳು ಎಪಿಸೋಡ್.

ಹಾಲಿವುಡ್‌ನಲ್ಲಿ ಅವರ ಯಾವ ಸಿನಿಮಾ ನೋಡಬೇಕು?
– ಓದುಗರೊಬ್ಬರು, ಕುಷ್ಟಗಿ

‘ಜುರಾಸಿಕ್ ವರ್ಲ್ಡ್’, ‘ಎಕ್ಸ್-ಮೆನ್’ಗಳಲ್ಲಿ ಇದ್ದಾರೆ, ಆದರೆ ಪಾತ್ರಗಳು ಸಣ್ಣವು. ಅವನ್ನು ಬಿಟ್ಟು, ಹಾಲಿವುಡ್‌ನದ್ದಲ್ಲದಿದ್ದರೂ, 2022ರ ‘ತಿರಾಯೂರ್’ ನೋಡಿ. ಮೊದಲ ಮಹಾಯುದ್ಧಕ್ಕೆ ಫ್ರೆಂಚ್ ಸೇನೆ ಸೆನೆಗಲ್‌ನಿಂದ ಬಲವಂತವಾಗಿ ಎಳೆದೊಯ್ದ ಮಗನನ್ನು ಕಾಯಲು ತಾನೂ ಸೈನ್ಯ ಸೇರುವ ತಂದೆಯ ಪಾತ್ರ. ಮಾತಾಡುವುದು ಫ್ರೆಂಚ್ ಅಲ್ಲ, ಮನೆಮಾತಾದ ಫುಲಾ. ಅವರ ಪ್ರಸಿದ್ಧ ನಗು ಇಲ್ಲಿ ಇಲ್ಲವೇ ಇಲ್ಲ, ನಟನಾಗಿ ಅವರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಚಿತ್ರ ಇನ್ನೊಂದಿಲ್ಲ.

ನಮ್ಮ ಕಾಲೇಜು ಹಾಲ್‌ನಲ್ಲಿ ‘ಆಂತೂಶಾಬ್ಲ್’ ತೋರಿಸಬಹುದೇ?
– ಉಪನ್ಯಾಸಕರು, ರಾಯಚೂರು

ಮನೆಯ ಒಟಿಟಿ ಖಾತೆಯಿಂದ ತೋರಿಸುವ ಹಾಗಿಲ್ಲ, ಅದು ಮನೆಯವರ ಬಳಕೆಗೆ ಮಾತ್ರ. ಭಾರತದಲ್ಲಿ ಹಕ್ಕು ಇರುವ ವಿತರಕರಿಗೆ ದಿನಾಂಕ, ಆಸನ ಸಂಖ್ಯೆ, ಟಿಕೆಟ್ ಇದೆಯೋ ಇಲ್ಲವೋ ಎಂದು ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಹಿಂದಿನ ದಿನವೇ ಕೊನೆಯ ಸಾಲಿನಲ್ಲಿ ಕೂತು ಸಬ್‌ಟೈಟಲ್ ಓದಿ ನೋಡಿ. ಪರದೆಯ ಕೆಳ ಅಂಚು ಮುಂದಿನವರ ತಲೆಗೆ ಮರೆಯಾಗುವುದೇ ಹೆಚ್ಚಿನ ಕಡೆ ಆಗುವ ತೊಂದರೆ, ಪರದೆಯನ್ನು ಎತ್ತಿ ಕಟ್ಟಬೇಕಾಗುತ್ತದೆ. ಬೇಸಿಗೆಯಲ್ಲಾದರೆ ಸಂಜೆ ಏಳರ ನಂತರ ಇಟ್ಟುಕೊಳ್ಳಿ. ಕಿಟಕಿಗೆ ಕಪ್ಪು ಬಟ್ಟೆ ಬಿಗಿದು ಹಾಲ್ ಕಾಯಿಸುವುದು ತಪ್ಪುತ್ತದೆ.