ಪ್ರಿಂಟರ್ ಆನ್ ಇದ್ದರೂ ಐಕಾನ್ ಮಸುಕಾಗಿ ‘ಆಫ್‌ಲೈನ್’ ಅನ್ನುತ್ತಿದ್ದರೆ
ಮಡಿಕೇರಿಯ ಅಂಗಡಿಯಲ್ಲಿ ಕರೆಂಟ್ ಹೋಗಿ ಬಂದಮೇಲೆ ವೈಫೈ ಪ್ರಿಂಟರಿನ ಐಕಾನ್ ಮಸುಕಾಗುತ್ತದೆ ಅಂದಿರಲ್ಲ, ಬಹುಶಃ ಐಪಿ (ನೆಟ್‌ವರ್ಕ್‌ನಲ್ಲಿ ಪ್ರಿಂಟರಿನ ವಿಳಾಸದ ನಂಬರ್) ಬದಲಾಗಿದೆ. ರೂಟರ್ ಮತ್ತೆ ಶುರುವಾದಾಗ ಪ್ರಿಂಟರಿಗೆ ಬೇರೆ ನಂಬರ್ ಕೊಟ್ಟಿರುತ್ತದೆ, ವಿಂಡೋಸ್ ಹಳೇ ನಂಬರಿನಲ್ಲೇ ಹುಡುಕುತ್ತಿರುತ್ತದೆ. ಮಳೆಗಾಲ ಬಂತೆಂದರೆ ಸೋಮವಾರಪೇಟೆಯಲ್ಲಿ ನನಗೂ ಇದೇ ಗೋಳು.

ಮೊದಲು ಪ್ರಿಂಟರಿನ ನೆಟ್‌ವರ್ಕ್ ಮೆನುವಿನಲ್ಲಿ ಈಗಿನ ಐಪಿ ನೋಡಿಕೊಳ್ಳಿ. ರೂಟರಿನಲ್ಲಿ ಅದನ್ನು ಪ್ರಿಂಟರಿಗೇ ರಿಸರ್ವ್ ಮಾಡಿ, ಇಲ್ಲವಾದರೆ ಮುಂದಿನ ಸಲ ಮತ್ತದೇ ಕಥೆ. ಆಮೇಲೆ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ನಲ್ಲಿ ‘ಆ್ಯಡ್ ಪೋರ್ಟ್’ ಒತ್ತಿ, ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಆರಿಸಿ ಅದೇ ಐಪಿ ಹಾಕಿ.

ಪ್ರಿಂಟ್ ಬರುತ್ತಿದ್ದೂ ಐಕಾನ್ ಮಾತ್ರ ಮಸುಕಾಗಿದ್ದರೆ, ಅಲ್ಲೇ ‘ಕಾನ್ಫಿಗರ್ ಪೋರ್ಟ್’ನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಟಿಕ್ ತೆಗೆಯಿರಿ. ವಿಂಡೋಸ್ ಪ್ರಿಂಟರಿನ ಸ್ಥಿತಿ ಕೇಳಿ ತಿಳಿದುಕೊಳ್ಳುವುದು ಇದರಿಂದಲೇ. ಆದರೆ ಆಮೇಲೆ ಪೇಪರ್ ಖಾಲಿಯಾದರೂ ಐಕಾನ್ ಹೇಳದಿರಬಹುದು. ಹೋಗಿ ಟ್ರೇ ನೋಡಬೇಕಾಗುತ್ತದೆ, ಅಷ್ಟೇ.