ಹೆಸರಿಗೆ ವೋಟು ಹಾಕಿದ ರಾತ್ರಿ

"ನನಗೆ ಹಾಡಲಿಕ್ಕೆ ಆಗ್ತಾ ಇಲ್ಲ ಅಕ್ಕ. ಗಂಟಲು ಸರಿ ಇದೆ, ಡಾಕ್ಟರಿಗೆ ತೋರಿಸಿ ಆಯ್ತು. ಆದ್ರೂ ಬಾಯಿ ತೆರೆದರೆ ಸ್ವರ ಬರುವುದಿಲ್ಲ."

ಆಪ್ತಸಲಹೆಗೆಂದು ಬಂದ ಸುಜಾತಾ ನನ್ನೆದುರು ಕೂತು ಹೇಳಿದ ಮೊದಲ ಮಾತು ಇದು. ಹೆಸರು ಬದಲಿಸಿದ್ದೇನೆ, ಊರನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 34. ಕಾಸರಗೋಡಿನ ಬದಿಯಡ್ಕ ಕಡೆಯವರು, ಶಾಲೆಯಲ್ಲಿ ಸಂಗೀತದ ಟೀಚರ್. ಮೂರು ವಾರದಿಂದ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತಿತ್ತು. ಆಮೇಲೆ ನಿದ್ದೆ ಇಲ್ಲ.

ಕಾರಣ ಕೇಳಿದೆ. "ಹೇಳಿದರೆ ಇಷ್ಟಕ್ಕಾ ಅಂತೀರಿ" ಎಂದರು. ಕಾರಣ, ಒಂದು ಹಾಡುವ ತಂಡದ ಹೆಸರು.

ಹದಿನಾರು ಮಂದಿಯ ಕಾಯರ್ ಅದು. ಚರ್ಚಿನ ಕಾಯರ್ ಅಲ್ಲ, ಭಜನಾ ಮಂಡಳಿಯೂ ಅಲ್ಲ. ಈಗಿನವರು ಈಗ ಬರೆದ ಸಂಗೀತವನ್ನೇ ಹಾಡುತ್ತಾರೆ. ವಾದ್ಯ ಇಲ್ಲ. ದನಿಯ ಎತ್ತರಕ್ಕೆ ತಕ್ಕ ಹಾಗೆ ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ಗುಂಪು. ಅಕ್ಕಪಕ್ಕದ ಸ್ವರಗಳನ್ನು ಒಟ್ಟಿಗೇ ಹಿಡಿಯುತ್ತಾರೆ, ಪಿಸುಗುಟ್ಟುತ್ತಾರೆ, ಬರೀ ಉಸಿರನ್ನೂ ಹಾಡಿಗೆ ಸೇರಿಸುತ್ತಾರೆ. ಸುಜಾತಾ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಕೇಳಿಸಿದರು. ಮಳೆಗೆ ಮೊದಲು ಅಡಿಕೆ ತೋಟದಲ್ಲಿ ಗಾಳಿ ಎದ್ದ ಹಾಗಿತ್ತು. ಮೈ ಜುಂ ಎಂದಿತು.

ಇದನ್ನು ಕಟ್ಟಿದ್ದು ಅವರು ಮತ್ತು ಅನಿಲ್. ಈ ಹೆಸರೂ ಬದಲಿಸಿದ್ದೇ. ಅನಿಲ್ ಚಂದ್ರಗಿರಿ ಹೊಳೆಯ ತೆಂಕು ದಿಕ್ಕಿನವರು, ಮನೆಮಾತು ಮಲಯಾಳ. ಸಂಗೀತ ಬರೆಯುವುದು ಅವರು, ಹಾಡಿಸುವುದು ಇವರು. ಇವರಿಗೆ ಅವರು ಅನಿಲೇಟ್ಟ, ಅಂದರೆ ಅನಿಲಣ್ಣ; ಅವರಿಗೆ ಇವರು ಟೀಚರ್. ಎಂಟು ತಿಂಗಳಲ್ಲಿ ಒಂದು ಜಗಳ ಇಲ್ಲ.

ಮೊದಲ ಕಾರ್ಯಕ್ರಮದ ಪೋಸ್ಟರಿಗೆ ಹೆಸರು ಬೇಕಾಯಿತು. ಸುಜಾತಾ ಒಂದು ಕನ್ನಡ ಹೆಸರನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು, ಯಾರಿಗೂ ಹೇಳಿರಲಿಲ್ಲ. ಒಂದು ರಾತ್ರಿ ಹತ್ತೂ ಮುಕ್ಕಾಲಿಗೆ ಅನಿಲ್ ವಾಟ್ಸಾಪ್ ಗ್ರೂಪಿನಲ್ಲಿ ವೋಟಿಗೆ ಹಾಕಿದರು. ಇವರು ಗಡಿಬಿಡಿಯಲ್ಲಿ ತಮ್ಮದನ್ನೂ ಸೇರಿಸಿದರು. ಮಲಯಾಳದ ಹೆಸರಿಗೆ ಒಂಬತ್ತು, ಕನ್ನಡದ ಹೆಸರಿಗೆ ಏಳು. ಹನ್ನೊಂದೂವರೆಗೆ ಸುಜಾತಾ ಗ್ರೂಪ್ ಬಿಟ್ಟರು. ಅಭ್ಯಾಸ ಅಲ್ಲಿಗೇ ನಿಂತಿತು.

ಕಾಸರಗೋಡಿನ ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. 1956ರ ನವೆಂಬರ್ 1 ಉಳಿದ ಕನ್ನಡಿಗರಿಗೆಲ್ಲ ರಾಜ್ಯೋತ್ಸವ. ನಮ್ಮ ಎಷ್ಟೋ ಮನೆಗಳಲ್ಲಿ ಅದು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದ ದಿನ. ಚಂದ್ರಗಿರಿಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಗಡಿ ತಗಾದೆ ನೋಡಿದ ಮಹಾಜನ್ ಆಯೋಗ ಹೇಳಿತ್ತಲ್ಲ, ಅದನ್ನು ಸುಜಾತಾ ಅವರ ಅಜ್ಜ ಊಟಕ್ಕೆ ಕೂತಾಗಲೂ ಹೇಳುತ್ತಿದ್ದರಂತೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂಬ ಕಾನೂನು ಬಂದಾಗ ಇವರೂ ಪ್ರತಿಭಟನೆಗೆ ಹೋಗಿದ್ದರು. ಇತ್ತೀಚೆಗೆ ಒಂದು ಕಚೇರಿಯಲ್ಲಿ, ಕನ್ನಡದಲ್ಲಿ ತುಂಬಿದ ಅರ್ಜಿಯನ್ನು ಓದದೆಯೇ ವಾಪಸ್ ತಳ್ಳಿದ್ದರು. ಅದನ್ನು ಹೇಳುವಾಗ ಅವರ ಕೈ ಸೆರಗಿನ ತುದಿಯನ್ನು ಹೊಸೆದು ಹೊಸೆದು ಹಗ್ಗ ಮಾಡಿತ್ತು. ಒಂಬತ್ತು ಏಳು ಅವರಿಗೆ ಬರೀ ಲೆಕ್ಕ ಆಗಿರಲಿಲ್ಲ. "ಇಷ್ಟು ದೊಡ್ಡದು ಮಾಡಬೇಡಿ" ಎಂದು ನಾನು ಹೇಳಲಿಲ್ಲ. ಹಾಗೆ ಹೇಳುವುದು ತಪ್ಪು ಎಂದೇ ನನ್ನ ನಂಬಿಕೆ.

ಒಂದು ಪ್ರಶ್ನೆ ಮಾತ್ರ ಕೇಳಿದೆ. "ಅನಿಲ್ ಆ ದಿನ ಬೆಳಿಗ್ಗೆ ಫೋನ್ ಮಾಡಿ, ಟೀಚರೇ, ಈ ಹೆಸರು ಹೇಗೆ ಅಂತ ಕೇಳಿದ್ದರೆ?"

ತುಂಬ ಹೊತ್ತು ಸುಮ್ಮನಿದ್ದರು. "ಒಪ್ಪುತ್ತಿದ್ದೆನೋ ಏನೋ" ಎಂದರು. ಆಮೇಲೆ ಅತ್ತರು.

ಅವರ ಒಪ್ಪಿಗೆ ಪಡೆದು ಅನಿಲ್ ಅವರನ್ನೂ ಒಮ್ಮೆ ಕರೆದೆ. ಪ್ರೆಸ್ಸಿನವರು ಮರುದಿನವೇ ಹೆಸರು ಬೇಕು ಎಂದಿದ್ದರು, ವೋಟು ಹಾಕಿದರೆ ಯಾರಿಗೂ ಬೇಜಾರಿಲ್ಲ ಅಂದುಕೊಂಡೆ ಎಂದರು. ಕನ್ನಡ ಹೆಸರಾದರೆ ಕಣ್ಣೂರು ಕಡೆ ಯಾರು ಕರೆಯುತ್ತಾರೆ ಎಂಬ ಹೆದರಿಕೆಯೂ ಇತ್ತು. ಕೆಟ್ಟ ಮನಸ್ಸಿನವರಲ್ಲ. ಆ ಮೂರು ವಾರ ಅವರೂ ಒಂದು ಸಾಲು ಸಂಗೀತ ಬರೆದಿರಲಿಲ್ಲ.

ಇಬ್ಬರನ್ನೂ ಕೂರಿಸಿ ಮೊದಲು ಹೇಳಿದ್ದು, ಆ ವೋಟನ್ನು ರದ್ದು ಮಾಡಿ, ಇನ್ನೊಂದು ವೋಟೂ ಬೇಡ ಎಂದು. ಪಂಚಾಯತಿನಲ್ಲಾದರೆ ಸೋತವರು ತಮ್ಮ ಪಾಡಿಗೆ ಮನೆಯಲ್ಲಿರಬಹುದು. ಇಲ್ಲಿ ಸೋತ ಏಳು ಮಂದಿ ಗೆದ್ದವರ ಭುಜಕ್ಕೆ ಭುಜ ತಾಗಿಸಿ ನಿಂತು ಹಾಡಬೇಕು. ಆಗ ಸುಜಾತಾ ತಾವಾಗಿಯೇ ಒಂದು ವಿಷಯ ಹೇಳಿದರು. ಉದ್ದದ ಸ್ವರ ಹಿಡಿಯುವಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆಯಬಾರದಂತೆ. ಪಕ್ಕದವರು ಉಸಿರು ತೆಗೆಯುವಾಗ ನಾವು ಹಿಡಿದಿರಬೇಕು, ನಾವು ತೆಗೆಯುವಾಗ ಅವರು. ಕೇಳುವವರಿಗೆ ಸ್ವರ ಕಡಿದದ್ದೇ ಗೊತ್ತಾಗುವುದಿಲ್ಲ. ಬಿಟ್ಟವರು ಮೆಲ್ಲಗೆ, ಸದ್ದಿಲ್ಲದೆ ವಾಪಸ್ ಸೇರಬೇಕು. ಅಷ್ಟು ಹೇಳಿ ತಟ್ಟನೆ ನಿಲ್ಲಿಸಿದರು. "ಗ್ರೂಪಿಗೆ ಯಾವ ಮುಖದಲ್ಲಿ ವಾಪಸ್ ಹೋಗಲಿ ಅಂತ ಇದ್ದೆ ಅಕ್ಕ" ಎಂದರು. ಅನಿಲ್ ಅಲ್ಲೇ ಫೋನ್ ತೆಗೆದು ಅವರನ್ನು ಸೇರಿಸಿದರು.

ಪೋಸ್ಟರಿಗೆ ಸದ್ಯಕ್ಕೊಂದು ಹೆಸರು ಸಾಕು ಎಂದೆ. ಅಭ್ಯಾಸದ ವಾರದ ಹೆಸರನ್ನೇ ಹಾಕಿ. ಮಗುವನ್ನೂ ತೊಟ್ಟಿಲಿಗೆ ಹಾಕುವವರೆಗೆ ಸುಮ್ನೆ ಬಾಬೆ ಅಂತಲೇ ಕರೆಯುತ್ತೇವೆ ಅಲ್ವಾ?

ನಾನು ಸಂಗೀತದವಳಲ್ಲ. ಆದರೂ ಅವರ ಹಳೇ ಪಟ್ಟಿ ನೋಡಿ ಒಂದು ಮಾತು ಹೇಳಿದೆ. ಜಾಸ್ತಿ ಹೆಸರುಗಳು ನಾದ, ಸ್ವರ ಎಂದೇ ಶುರುವಾಗುತ್ತಿದ್ದವು. ಜನ ಭಕ್ತಿಗೀತೆ ಅಂದುಕೊಂಡು ಬಂದು ಕೂರುತ್ತಾರೆ, ಪಿಸುಮಾತು ಶುರುವಾದಾಗ ಎದ್ದು ಹೋಗುತ್ತಾರೆ. ಅವರದ್ದೇನು ತಪ್ಪು? ಅನಿಲ್ ತಲೆಯಾಡಿಸಿದರು. ಅಮೆರಿಕದಲ್ಲಿ 2009ರಲ್ಲಿ ಶುರುವಾದ ಇಂಥದೇ ತಂಡದ ಹೆಸರು ರೂಮ್‌ಫುಲ್ ಆಫ್ ಟೀತ್ ಅಂತೆ. ಕೋಣೆ ತುಂಬ ಹಲ್ಲು! ಕೇಳಿದ ಕೂಡಲೇ ಇಲ್ಲಿ ಬೇರೇನೋ ಇದೆ ಎಂದು ಗೊತ್ತಾಗುತ್ತದೆ. 1962ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಸ್ವಿಂಗಲ್ ಸಿಂಗರ್ಸ್, ಕಟ್ಟಿದ ವಾರ್ಡ್ ಸ್ವಿಂಗಲ್ ಅವರ ಹೆಸರಿನದ್ದು. ಶಿಲ್ಲಾಂಗ್ ಚೇಂಬರ್ ಕಾಯರ್ ಊರಿನ ಹೆಸರಿನದ್ದು. ಇಂಥದೇ ಆಗಬೇಕು ಎಂಬ ಕಟ್ಟುಪಾಡು ಎಲ್ಲೂ ಇಲ್ಲ.

ಕೊಟ್ಟ ಕೆಲಸ ಇಷ್ಟು. ಹದಿನಾರು ಮಂದಿಯೂ ಮನೆಯ ಹಿರಿಯರ ಬಾಯಿಂದ ಒಂದೊಂದು ಪದ ತರಲಿ. ಚರ್ಚೆ ಬೇಡ. ಒಂದೊಂದನ್ನೂ ಎಲ್ಲರೂ ಸೇರಿ ಒಂದು ಸ್ವರದಲ್ಲಿ ಹಿಡಿದು ನೋಡಿ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರು ಲಿಪಿಯಲ್ಲೂ ಬರೆಯಿರಿ. ಮೈಕಿನವರಿಗೆ ಫೋನಿನಲ್ಲಿ ಹೇಳಿ, ಒಂದೇ ಸಲಕ್ಕೆ ಸರಿಯಾಗಿ ಬರೆದುಕೊಂಡರಾ ಕೇಳಿ.

ಅವರು ಕೊನೆಗೆ ಇಟ್ಟ ಹೆಸರನ್ನು ಇಲ್ಲಿ ಹೇಳಿದರೆ ಯಾರೆಂದು ತಿಳಿದುಬಿಡುತ್ತದೆ. ಬಿಟ್ಟವನ್ನು ಹೇಳಬಹುದು. 'ಮಳೆ' ಕನ್ನಡಕ್ಕೂ ಮಲಯಾಳಕ್ಕೂ ಹತ್ತಿರ, ಆದರೆ ತುಳುವಿನಲ್ಲಿ ಅದು ಬರ್ಸ. 'ಕಡಲ್' ಮೂವರಿಗೂ ಕಡಲೇ. ನನಗೆ ಬಹಳ ಇಷ್ಟವಾದದ್ದು 'ಕೊರಲ್'. ಸುಜಾತಾ ತಂದದ್ದು ಕನ್ನಡದ ಕೊರಳು. ತುಳು ಮನೆಯ ಹುಡುಗ ಅದು ಭತ್ತದ ತೆನೆ ಎಂದನಂತೆ, ಹೊಸ ಅಕ್ಕಿ ಊಟಕ್ಕೆ ಮೊದಲು ಮನೆಯಲ್ಲಿ ಕಟ್ಟುತ್ತಾರಲ್ಲ, ಅದು. ಮಲಯಾಳ ಮನೆಯ ಹುಡುಗಿ, ನಮ್ಮ ಅಮ್ಮಮ್ಮ ಗಂಟಲಿಗೆ ಕುರಲ್ ಅಂತಾರೆ ಎಂದಳಂತೆ. ಮೈಕಿನವರು ಮಾತ್ರ ಎರಡು ಸಲವೂ ಕೋರಲ್ ಎಂದೇ ಬರೆದರು. ಹಾಗಾಗಿ ಬಿಟ್ಟರು. ಇದನ್ನೆಲ್ಲ ಹೇಳುವಾಗ ಸುಜಾತಾ ಅವರ ಸೆರಗು ಅದರ ಪಾಡಿಗೆ ಇತ್ತು.

ಅವರೊಬ್ಬರಿಗೇ ಹೇಳಿದ್ದು ಇನ್ನೊಂದಿದೆ. ರಾತ್ರಿ ಒಂಬತ್ತರ ಮೇಲೆ ಗ್ರೂಪಿನಲ್ಲಿ ಯಾವ ತೀರ್ಮಾನವೂ ಬೇಡ. ಕನ್ನಡದ ಹಕ್ಕು ಕೇಳುವುದನ್ನು ಬಿಡಲೇಬೇಡಿ, ಆ ಅರ್ಜಿಯನ್ನು ಮತ್ತೆ ಕನ್ನಡದಲ್ಲೇ ಕೊಡಿ. ಆದರೆ ಕಚೇರಿಯಿಂದ ಬರಬೇಕಾದ ನ್ಯಾಯವನ್ನು ಈ ಹದಿನಾರು ಮಂದಿಯ ಕೈಯಿಂದ ವಸೂಲು ಮಾಡಲು ಆಗುವುದಿಲ್ಲ.

ಮೂರನೇ ಭೇಟಿಯ ಹೊತ್ತಿಗೆ ಬೆಳಿಗ್ಗೆ ಐದರವರೆಗೆ ನಿದ್ದೆ ಬರುತ್ತಿತ್ತು. ಸ್ವರವೂ ಬಂದಿತ್ತು. ಮತ್ತೆ ಬರಬೇಕಾ ಎಂದು ಕೇಳಿದರು. ಕಾರ್ಯಕ್ರಮದ ಹಿಂದಿನ ವಾರ ಎರಡು ಗಂಟೆಗೆ ಎಚ್ಚರವಾದರೆ ಫೋನ್ ಮಾಡಿ ಎಂದೆ. ಅರ್ಜಿ ಅವರ ಬ್ಯಾಗಿನಲ್ಲೇ ಇತ್ತು. ಇಲ್ಲಿಂದ ನೇರ ಆ ಕಚೇರಿಗೇ ಹೊರಟಿದ್ದರು.